ಗಾರುಡಿ ಗೊಂಬೆಯ ಮುಖ

ಮಾನ್ಯರೇ,

ಹೋದ ವಾರ ದಾವಣಗೆರೆಯ ಹಳೇ ಊರಿನ ಓಣಿಯೊಂದರಲ್ಲಿ ಗಾರುಡಿ ಗೊಂಬೆಯ (ಮೆರವಣಿಗೆಯಲ್ಲಿ ಆಳು ಒಳಗೆ ನಿಂತು ಕುಣಿಸುವ ಬಿದಿರಿನ ದೊಡ್ಡ ಗೊಂಬೆ) ಮುಖ ಮಾಡುವ ಹಿರಿಯರೊಬ್ಬರ ಮುಂದೆ ಎರಡು ತಾಸು ಕೂತಿದ್ದೆ. ಮಣ್ಣಿನ ಅಚ್ಚಿನ ಮೇಲೆ ಹಳೇ ಪೇಪರಿನ ಚೂರು (ನಿಮ್ಮ ಪತ್ರಿಕೆಯೂ ಇತ್ತು, ಬೇಸರಿಸಬೇಡಿ), ಹುಣಸೆ ಬೀಜದ ಅಂಟು, ಮತ್ತೆ ಪೇಪರು. ಮೀಸೆ ತಿದ್ದುವಾಗ ಮಾತ್ರ ಉಸಿರು ಬಿಗಿಹಿಡಿದಿದ್ದರು. ಪಕ್ಕದಲ್ಲಿ ಚಹಾ ಆರಿ ಕೆನೆಗಟ್ಟಿತ್ತು.

‘ಒಳಗೆ ಕುಣಿಯೋನಿಗೆ ಬಿದಿರಿನ ಭಾರನೇ ಸಾಕಾಗಿರ್ತೈತಿ, ಮುಖ ಹಗುರ ಇರ್ಬೇಕ್ರಿ’ ಎಂದರು. ಒಂದನ್ನು ಎತ್ತಿ ನೋಡಿದೆ, ಮೊರದಷ್ಟೂ ತೂಕವಿಲ್ಲ.

ಈಗೀಗ ಮೆರವಣಿಗೆಯವರು ಫೈಬರ್ ಮುಖ ತರಿಸುತ್ತಾರಂತೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಲ್ಲಿ ಇಂಥವರಿಗೆ ಬಾಡಿಗೆಯಿಲ್ಲದೆ ಒಂದು ಮಳಿಗೆ ಕೊಡಬಾರದೇ?

– ಓದುಗ, ದಾವಣಗೆರೆ