ಭಾನುವಾರದ ಓದಿಗೆ: ವರ್ಜಿಲ್‌ನ ಮೊದಲ ಕುರಿಗಾಹಿ ಪದ್ಯ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ರೋಮ್‌ನ ಕವಿ ವರ್ಜಿಲ್‌ನ ‘ಎಕ್ಲಾಗ್ಸ್’ ಅನ್ನೋ ಕುರಿಗಾಹಿ ಪದ್ಯಗಳ ಸಂಗ್ರಹ ಶುರು ಮಾಡೋಣ. ಒಟ್ಟು 10 ಪದ್ಯಗಳಿವೆ, ಸದ್ಯಕ್ಕೆ ಮೊದಲನೆಯದು ಸಾಕು. ಬರೀ 83 ಸಾಲು, ದಯವಿಟ್ಟು ಓದಿಕೊಂಡೇ ಬನ್ನಿ.

ಕುರಿಗಾಹಿಗಳ ಹಾಡು ಅಂದ್ರೆ ಸುಮ್ನೆ ಹಸಿರು, ಹೊಳೆ, ಕೊಳಲು ಅಂತ ಅಂದುಕೊಳ್ಳಬೇಡಿ. ಕ್ರಿ.ಪೂ. 42ರಲ್ಲಿ ಫಿಲಿಪ್ಪಿ ಯುದ್ಧ (ಜೂಲಿಯಸ್ ಸೀಸರ್‌ನನ್ನು ಕೊಂದವರನ್ನು ಆಂಟನಿ ಮತ್ತು ಆಕ್ಟೇವಿಯನ್ ಸೋಲಿಸಿದ ಯುದ್ಧ) ಮುಗಿದ ಮೇಲೆ, ಗೆದ್ದ ಕಡೆಯ ಸೈನಿಕರಿಗೆ ಹಂಚೋಕೆ ಅಂತ ಇಟಲಿಯ ರೈತರ ಜಮೀನು ಕಿತ್ತುಕೊಂಡರು, ವರ್ಜಿಲ್‌ನ ಮಾಂಟುವಾ ಸೀಮೆಯನ್ನೂ ಬಿಡಲಿಲ್ಲ. ಪದ್ಯದಲ್ಲಿ ಇಬ್ಬರು ಕುರಿಗಾಹಿಗಳಿದ್ದಾರೆ. ಟಿಟಿರಸ್ ಬೀಚ್ ಮರದ ನೆರಳಲ್ಲಿ ಆರಾಮಾಗಿ ಕೊಳಲು ಊದುತ್ತಿದ್ದಾನೆ. ಮೆಲಿಬೀಯಸ್ ಜಮೀನು ಕಳೆದುಕೊಂಡು, ಮೇಕೆ ಹೊಡೆದುಕೊಂಡು ಊರು ಬಿಡುತ್ತಿದ್ದಾನೆ. ಒಂದು ಮೇಕೆಯನ್ನಂತೂ ಎಳೆದುಕೊಂಡೇ ಹೋಗಬೇಕು, ಯಾಕೆಂದರೆ ಅದು ಈಗಷ್ಟೇ ಹೇಝಲ್ ಪೊದೆಗಳ ನಡುವೆ ಅವಳಿ ಮರಿ ಹಾಕಿ, ಬರೀ ಕಲ್ಲಿನ ಮೇಲೆ ಬಿಟ್ಟು ಬಂದಿದೆ. ಇಡೀ ಪದ್ಯದಲ್ಲಿ ನನಗೆ ಜಾಸ್ತಿ ನೋವು ಕೊಡುವ ಸಾಲುಗಳು ಇವೇ.

ಇನ್ನೊಂದು ವಿಷಯ ಗಮನಿಸಿ. ಬೇಲಿಯ ವಿಲ್ಲೋ ಹೂವಿಗೆ ಬರುವ ಜೇನುಹುಳಗಳ ಸದ್ದು, ಎಲ್ಮ್ ಮರದ ಮೇಲೆ ಕೂಗುವ ಬೆಳವ, ಕಲ್ಲು ಮತ್ತು ಜೌಗು ತುಂಬಿದ ಹುಲ್ಲುಗಾವಲು, ಇದನ್ನೆಲ್ಲ ವರ್ಣಿಸುವುದು ಅಲ್ಲೇ ಉಳಿಯುವ ಟಿಟಿರಸ್ ಅಲ್ಲ, ಬಿಟ್ಟು ಹೋಗುವ ಮೆಲಿಬೀಯಸ್. ಯಾಕೆ ಹೀಗೆ ಅಂತ ಯೋಚಿಸಿ ಬಂದರೆ ಚರ್ಚೆ ಚೆನ್ನಾಗಿರುತ್ತೆ, ಅಲ್ವಾ?

ಟೈಮ್ ಸಿಕ್ಕರೆ ಎರಡನೇ ಪದ್ಯದ ಶುರುವನ್ನೂ ನೋಡಿ. ಉರಿಬಿಸಿಲು, ಮುಳ್ಳುಪೊದೆಗೆ ನುಗ್ಗುವ ಹಲ್ಲಿಗಳು, ಕೊಯ್ಲಿನವರಿಗೆ ಬೆಳ್ಳುಳ್ಳಿ ಜಜ್ಜುವ ಹೆಂಗಸು. ಯಾವ ಅನುವಾದ ಇದ್ದರೂ ತನ್ನಿ, ಬೇರೆ ಬೇರೆ ಇದ್ದಷ್ಟೂ ಒಳ್ಳೆಯದು.