ಅಜ್ಜಿಯ ಉಪ್ಪಿನ ಮರಿಗೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಜ್ಜಿಯ ಮರೆವಿಗೆಂದು ನೀನು ಕಳುಹಿಸಿದ ಅರಿಸಿನದ ಮಾತ್ರೆಗಳ ಡಬ್ಬಿ ತಲುಪಿತು. ಅದನ್ನಿನ್ನೂ ತೆರೆದಿಲ್ಲ. ನಿನ್ನ ಕಾಳಜಿಯನ್ನು ತಳ್ಳಿಹಾಕಿದೆನೆಂದು ತಿಳಿಯಬೇಡ. ಊಟಕ್ಕೂ ಮಿದುಳಿಗೂ ಇರುವ ನಂಟಿನ ಬಗ್ಗೆ ಇಷ್ಟು ದಿನ ಓದಿದ್ದನ್ನೂ ಮನೆಯಲ್ಲಿ ಕಂಡದ್ದನ್ನೂ ನಿನಗೆ ಬಿಡಿಸಿ ಬರೆಯಬೇಕೆನಿಸಿತು.

ಅಜ್ಜಿಯ ಮರೆವು ನಮಗೆ ಮೊದಲು ಗೊತ್ತಾದದ್ದು ಸಾರಿನಲ್ಲಿ. ಮರಿಗೆಯಿಂದ ಉಪ್ಪು ತೆಗೆದು ಹಾಕಿದವರು, ಒಗ್ಗರಣೆ ಕೊಡುವಷ್ಟರಲ್ಲಿ ಮತ್ತೊಂದು ಹಿಡಿ ಹಾಕುತ್ತಿದ್ದರು. ‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ನಂಬಿ ಒಂದು ವರ್ಷ ಸುಮ್ಮನಿದ್ದುದು ನನ್ನ ತಪ್ಪು. ಕೊನೆಗೆ ಕರೆದೊಯ್ದಾಗ ವೈದ್ಯರು ಮೊದಲು ನೋಡಿದ್ದು ರಕ್ತದಲ್ಲಿನ ಬಿ12 ಅಂಶವನ್ನು; ನರಗಳಿಗೆ ಬೇಕಾದ, ಸಸ್ಯಾಹಾರದಲ್ಲಿ ಅಷ್ಟಾಗಿ ಸಿಗದ ಜೀವಸತ್ವ ಅದು. ಅಜ್ಜಿಗೆ ಅದು ತೀರಾ ಕಡಿಮೆಯಿತ್ತು. ಹುಟ್ಟಿನಿಂದ ಸಸ್ಯಾಹಾರಿ, ಮೇಲಾಗಿ ಸಕ್ಕರೆ ಕಾಯಿಲೆಗೆ ಇಪ್ಪತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ಸೇವನೆ. ಆ ಮಾತ್ರೆ ಬಿ12 ಮೈಗೂಡುವುದನ್ನು ತಗ್ಗಿಸುತ್ತದೆಂದು ನನಗೆ ಆಗಲೇ ತಿಳಿದದ್ದು. ಇಂಜೆಕ್ಷನ್ ಕೊಡಿಸಿದ ಮೇಲೆ ಅಂಗಾಲಿನ ಜುಮುಜುಮು ಇಳಿದಿದೆ, ಮಾತು ಚುರುಕಾಗಿದೆ; ಆದರೆ ಮರೆವು ಪೂರ್ತಿ ಹೋಗಿಲ್ಲ.

ಉಳಿದ ಮರೆವಿಗೆ ಯಾವ ಊಟ ಒಳ್ಳೆಯದು ಎಂಬುದು ನಿನ್ನ ಪ್ರಶ್ನೆ. ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಅವರ ಸಂಗಡಿಗರು, ಸೊಪ್ಪು, ಕಾಳು, ಇಡಿಧಾನ್ಯ, ಬಾದಾಮಿಯಂಥ ಬೀಜಗಳನ್ನು ಹೆಚ್ಚಿಸಿ ಬೆಣ್ಣೆ, ಸಿಹಿ, ಕರಿದ ತಿಂಡಿಗಳನ್ನು ತಗ್ಗಿಸುವ ‘ಮೈಂಡ್’ ಎಂಬ ಆಹಾರಕ್ರಮವನ್ನು ರೂಪಿಸಿದರು. 923 ಹಿರಿಯರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿ 2015ರಲ್ಲಿ ಅವರು ಪ್ರಕಟಿಸಿದ ವರದಿಯ ಪ್ರಕಾರ, ಈ ಕ್ರಮಕ್ಕೆ ಅತಿ ಹತ್ತಿರವಾಗಿ ಉಂಡವರಲ್ಲಿ ಮರೆವು ತರುವ ಆಲ್‌ಝೈಮರ್ ಕಾಯಿಲೆ ಶೇ. 53ರಷ್ಟು ಕಡಿಮೆಯಿತ್ತು. ನೀನು ಓದಿದ ಬರಹಗಳೆಲ್ಲ ಇಲ್ಲಿಗೇ ನಿಂತುಬಿಡುತ್ತವೆ. ಆದರೆ ಚೆನ್ನಾಗಿ ಉಣ್ಣುವವರು ಸಾಮಾನ್ಯವಾಗಿ ಓದಿದವರು, ನಡೆದಾಡುವವರು, ರಕ್ತದೊತ್ತಡ ನೋಡಿಸಿಕೊಳ್ಳುವವರು ಕೂಡ. ಫಲ ಯಾವುದರದ್ದೆಂದು ದೂರದಿಂದ ನೋಡಿ ಹೇಳಲಾಗದು. ಅದೂ ಅಲ್ಲದೆ ಈ ಕಾಯಿಲೆ ಲಕ್ಷಣ ತೋರುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಬೇರು ಬಿಡುವುದರಿಂದ, ಊಟ ಕೆಟ್ಟದ್ದರಿಂದ ಕಾಯಿಲೆಯೋ, ಕಾಯಿಲೆ ಹೊಕ್ಕದ್ದರಿಂದ ಊಟ ಕೆಟ್ಟಿತೋ ಎಂಬ ಸಂದೇಹ ಉಳಿಯುತ್ತದೆ. ಹೀಗಾಗಿಯೇ 604 ಜನರನ್ನು ಎರಡು ಗುಂಪು ಮಾಡಿ ಮೂರು ವರ್ಷ ಪ್ರಯೋಗ ನಡೆಸಿದರು. 2023ರಲ್ಲಿ ಫಲಿತಾಂಶ ಬಂದಾಗ, ಮೈಂಡ್ ಊಟ ಮಾಡಿದವರಿಗೂ ತಮ್ಮ ಎಂದಿನ ಊಟವನ್ನೇ ಸ್ವಲ್ಪ ಕಡಿಮೆ ಮಾಡಿದವರಿಗೂ ಬುದ್ಧಿಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನನಗೆ ಇದರಿಂದ ನಿರಾಶೆಯಾಯಿತು. ಆದರೂ ಮೂರು ವರ್ಷ ಈ ಕಾಯಿಲೆಯ ಲೆಕ್ಕದಲ್ಲಿ ಬಹಳ ಚಿಕ್ಕ ಅವಧಿಯೆಂಬುದನ್ನು ಮರೆಯುವಂತಿಲ್ಲ.

ಊಟದ ಪ್ರಭಾವ ಗಟ್ಟಿಯಾಗಿ ಗೊತ್ತಿರುವುದು ರಕ್ತನಾಳಗಳ ಮೂಲಕ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆಗುಳಿ ಕಾಯಿಲೆಗೆ 14 ಕಾರಣಾಂಶಗಳನ್ನು ಪಟ್ಟಿಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಅದರಲ್ಲಿ ಯಾವ ಆಹಾರದ ಹೆಸರೂ ಇಲ್ಲ. ಆದರೆ ನಡುವಯಸ್ಸಿನ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಕೆಟ್ಟ ಕೊಬ್ಬು ಇವೆ, ಮತ್ತು ಈ ನಾಲ್ಕೂ ತಟ್ಟೆಯಿಂದ ದೂರವಿಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದೇ ಒಂದು ಟೀ ಚಮಚ. ಮಾವಿನ ಮಿಡಿ, ಹಪ್ಪಳ, ಸಂಡಿಗೆ ಸೇರಿದಂತೆ ನಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿತ್ತೆಂದು ಅಳೆದು ನೋಡಿದ ದಿನದಿಂದ ಮರಿಗೆಯನ್ನು ಒಲೆಯ ಪಕ್ಕದಿಂದ ತೆಗೆದು ಮೇಲಿನ ನಾಗಂದಿಗೆಯಲ್ಲಿಟ್ಟಿದ್ದೇವೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿಯ ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಮುದ್ದೆ, ಸೊಪ್ಪಿನ ಸಾರು ಉಣ್ಣುವ ಜನರ ವಿಷಯ ನಮ್ಮ ನೆಲದಿಂದಲೇ ತಿಳಿದುಬರಲೆಂಬುದು ನನ್ನ ಆಸೆ.

ಅಜ್ಜಿಯ ವಯಸ್ಸಿನಲ್ಲಿ ಊಟದಿಂದ ಆಗುವುದು ಸ್ವಲ್ಪ. ನಿನಗೆ ಮೂವತ್ನಾಲ್ಕು; ನಾನು ಯೋಚಿಸುತ್ತಿರುವುದು ನಿನ್ನ ಬಗ್ಗೆ. ರಾತ್ರಿ ಹನ್ನೊಂದಕ್ಕೆ ತರಿಸಿಕೊಳ್ಳುವ ಊಟವನ್ನು ವಾರದಲ್ಲಿ ನಾಲ್ಕು ದಿನವಾದರೂ ಬಿಟ್ಟು ಒಂದು ಹಿಡಿ ಹೆಸರುಕಾಳು, ಒಂದು ಕಟ್ಟು ಹರಿವೆ ಬೇಯಿಸಿಕೋ. ಗೌರಿ ಹಬ್ಬಕ್ಕೆ ಬರುವ ಮೊದಲು ರಕ್ತದೊತ್ತಡ, ಸಕ್ಕರೆ, ಬಿ12 ಮೂರನ್ನೂ ಪರೀಕ್ಷೆ ಮಾಡಿಸಿ ಕಾಗದ ತಾ. ಮಾತ್ರೆಯ ಡಬ್ಬಿಯನ್ನು ಆಗ ನಿನ್ನ ಕೈಗೇ ಕೊಡುತ್ತೇನೆ.

ಇಂತಿ ನಿನ್ನ
ಅಪ್ಪ