ರೋಗಿಯ ಜತೆ ಬಂದವರಿಗೂ ಜಾಗ ಬೇಕು

ಮಾನ್ಯರೇ,

ಮಂಗಳೂರು, ಮಣಿಪಾಲದ ಸಂಪಾದನೆಯಲ್ಲಿ ಆಸ್ಪತ್ರೆಗಳದ್ದು ದೊಡ್ಡ ಪಾಲು. ಆದರೆ ಆ ದುಡ್ಡು ತರುವ ರೋಗಿಯ ಮನೆಯವರಿಗೆ ರಾತ್ರಿ ಮಲಗಲು ಕಡಿಮೆ ಬಾಡಿಗೆಯ ಜಾಗ ಸುಲಭಕ್ಕೆ ಸಿಗುವುದಿಲ್ಲ.

1953ರಲ್ಲಿ ಡಾ. ಟಿ.ಎಂ.ಎ. ಪೈ ಮೆಡಿಕಲ್ ಕಾಲೇಜು ಶುರು ಮಾಡುವ ಮುಂಚೆ ಮಣಿಪಾಲ ಬರೀ ಬೋಳುಗುಡ್ಡ. ಈಗ ಅಲ್ಲಿ ಡಾಕ್ಟರು, ನರ್ಸುಗಳಷ್ಟೇ ಅಲ್ಲ, ಔಷಧದಂಗಡಿ, ಲಾಡ್ಜ್, ಮೆಸ್, ಆಟೊದವರ ಹೊಟ್ಟೆಪಾಡೂ ಆಸ್ಪತ್ರೆಯಿಂದಲೇ. ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೂ ಕಾಸರಗೋಡು, ಕೊಡಗು, ಚಿಕ್ಕಮಗಳೂರು ಕಡೆಯಿಂದ ಜನ ಬರುತ್ತಾರೆ.

ಕಳೆದ ತಿಂಗಳು ಭಾವನ ಆಪರೇಷನ್‌ಗೆಂದು ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿ ಕಳೆದೆ. ಐಸಿಯು ಹೊರಗೆ ಶಿರಸಿ ಕಡೆಯ ಅಜ್ಜಿಯೊಬ್ಬರು ಬಟ್ಟೆಚೀಲವನ್ನೇ ತಲೆದಿಂಬು ಮಾಡಿಕೊಂಡು, ಗಂಜಿಯ ಫ್ಲಾಸ್ಕನ್ನು ಅಪ್ಪಿಕೊಂಡು ಮಲಗಿದ್ದರು. ಬೆಳಿಗ್ಗೆ ಐದಕ್ಕೇ ಸೆಕ್ಯುರಿಟಿಯವರು ಎಬ್ಬಿಸಿದರು. ಪಾಪ, ಎಲ್ಲಿಗೆ ಹೋಗಬೇಕು ಅವರು? ಹೊರಗೆ ಲಾಡ್ಜ್ ಬಾಡಿಗೆ ಕೇಳಿದರೆ ಮದ್ದಿನ ಬಿಲ್ಲೇ ವಾಸಿ ಅನಿಸಿತು.

ಪಾಲಿಕೆ, ನಗರಸಭೆಗಳು ಆಸ್ಪತ್ರೆಗಳ ಹತ್ತಿರವೇ ಜಾಗ ಕೊಡಲಿ, ಖರ್ಚನ್ನು ಆಸ್ಪತ್ರೆಗಳು ಹಂಚಿಕೊಂಡು ಡಾರ್ಮಿಟರಿ ಕಟ್ಟಲಿ. ಎಸಿ ಗಿಸಿ ಏನೂ ಬೇಡ. ಮಂಚ, ಸ್ನಾನಕ್ಕೆ ಬಿಸಿನೀರು, ಗಂಜಿ ಕಾಯಿಸಲು ಒಂದು ಒಲೆ, ಬಾಗಿಲಲ್ಲಿ ಕಾಣುವಂತೆ ದರಪಟ್ಟಿ ಇದ್ದರೆ ಸಾಕು.

– ಒಬ್ಬ ಓದುಗ, ಮಂಗಳೂರು